ಹೊಲದ ಮೂಲೆಯ ಗದ್ದುಗೆಗಳು: ಮನೆತನದ ಹಳೆಯ ಸಮಾಧಿಗಳನ್ನು ದಾಖಲಿಸುವ ಬಗೆ

ಧಾರವಾಡ, ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆತನಗಳಿಗೆ ಸ್ವಂತ ಸಮಾಧಿ ಜಾಗ ಇರುತ್ತದೆ. ಊರ ರುದ್ರಭೂಮಿ ಬೇರೆ, ಇದು ಬೇರೆ. ಹೊಲದ ಒಂದು ಮೂಲೆ, ಬಾವಿಯ ದಂಡೆ, ಬೇವಿನ ಗಿಡದ ಬುಡ, ಹೀಗೆ ಎಲ್ಲೋ ಒಂದು ಕಡೆ ಹತ್ತಾರು ಕಟ್ಟೆಗಳು. ಕೆಲವುದರ ಮೇಲೆ ಸಣ್ಣ ಬಸವಣ್ಣ, ಕೆಲವಕ್ಕೆ ಬರೀ ಒಂದು ಕಲ್ಲು. 'ಹಿರಿಯರ ಗದ್ದಿಗಿ' ಅಂತ ಎಲ್ಲದಕ್ಕೂ ಕಾಯಿ ಒಡೆದು ಕೈ ಮುಗಿಯುತ್ತೇವೆ. ಯಾವುದು ಯಾರದು ಅಂತ ಮಕ್ಕಳು ಕೇಳಿದರೆ ಮೂರನೆಯ ಕಟ್ಟೆಗೇ ತಡವರಿಸುತ್ತೇವೆ.

ಈ ಜಾಗಗಳು ಕಳೆದುಹೋಗುವುದು ಮಳೆ ಗಾಳಿಯಿಂದ ಕಡಿಮೆ. ಹೊಲದ ವಾಟ್ನಿ ಆಗುತ್ತದೆ, ಒಂದು ಪಾಲು ಹೊರಗಿನವರಿಗೆ ಹೋಗುತ್ತದೆ. ರಸ್ತೆ ಅಗಲ ಆಗುತ್ತದೆ. ಬದು ಸರಿ ಮಾಡಲು ಬಂದ ಜೆಸಿಬಿಯವನಿಗೆ ಹುಲ್ಲಿನೊಳಗಿನ ಕಲ್ಲು ಕಾಣುವುದಿಲ್ಲ. ಇನ್ನೊಂದು ಅಪಾಯ ನಮ್ಮ ಭಕ್ತಿಯಿಂದಲೇ ಬರುತ್ತದೆ. ಮನೆಯಲ್ಲಿ ಯಾರಿಗೋ ಒಳ್ಳೆಯದಾಯಿತು ಅಂತ ಹಳೆಯ ಕಟ್ಟೆಗೆ ಸಿಮೆಂಟ್ ಬಳಿದು, ಗ್ರಾನೈಟ್ ಹಾಕಿ, ಹೊಸ ಹೆಸರು ಕೆತ್ತಿಸುತ್ತಾರೆ. ಕೆಳಗಿದ್ದ ಹಳೆಯ ಅಕ್ಷರ ಅಲ್ಲಿಗೆ ಮುಗಿಯಿತು. ರಿಪೇರಿ ಮಾಡಿಸಬೇಡಿ ಎನ್ನುತ್ತಿಲ್ಲ. ದಾಖಲೆ ಆದ ಮೇಲೆ ಮಾಡಿಸಿ.

ಈ ಕೆಲಸದಲ್ಲಿ ನನ್ನದೊಂದು ಹಟ ಇದೆ. ಕಲ್ಲಿನಿಂದ ಶುರು ಮಾಡಬೇಡಿ, ಹಿರಿಯರಿಂದ ಶುರು ಮಾಡಿ. ನೂರು ವರ್ಷ ನಿಂತ ಕಲ್ಲು ಇನ್ನೊಂದು ಬೇಸಿಗೆ ನಿಂತೀತು. ಅಕ್ಷರವೇ ಇಲ್ಲದ ಕಟ್ಟೆ ಯಾರದು ಅಂತ ಹೇಳಬಲ್ಲ ಎಂಬತ್ತೈದರ ಅಜ್ಜಿಯ ವಿಷಯದಲ್ಲಿ ಆ ಭರವಸೆ ಇಲ್ಲ.

ಕೇಳಿಯೇ ಹೋಗಿ

ಜಾಗ ಈಗ ಯಾರ ಪಾಲಿನಲ್ಲಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಪಹಣಿ, ಅಂದರೆ ನಮ್ಮ ಕಡೆ ಹೇಳುವ ಉತಾರ, ಒಂದು ಪ್ರತಿ ತೆಗೆಸಿದರೆ ಸರ್ವೆ ನಂಬರ್, ಹಿಸ್ಸಾ, ಸದ್ಯದ ಮಾಲೀಕರ ಹೆಸರು ಸಿಗುತ್ತವೆ. ಹೊಲ ಮಾರಿ ಹೋಗಿದ್ದರೆ ಹೊಸ ಮಾಲೀಕರ ಒಪ್ಪಿಗೆ ಬೇಕು. ಮನೆತನದಲ್ಲೇ ಇದ್ದರೆ ಅಣ್ಣತಮ್ಮಂದಿರ ಎಲ್ಲ ಮನೆಗಳಿಗೂ ಮುಂಚೆಯೇ ಹೇಳಿ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟೇಪು ಹಿಡಿದು ಹೊಲಕ್ಕೆ ಇಳಿದವನನ್ನು ಕಂಡರೆ ಹಳ್ಳಿಯಲ್ಲಿ ಯಾರಿಗೂ ಅನುಮಾನ ಬರುತ್ತದೆ. 'ಕಾಕಾ, ಹೊಲ ಅಳಿಯಾಕ ಬಂದಿಲ್ಲರಿ. ಹಿರ್ಯಾರ ಹೆಸರು ಬರಕೊಳ್ಳಾಕ ಬಂದೀನಿ, ನೀವೂ ಬರ್ರಿ' ಅಂತ ಕರೆದರೆ ಅರ್ಧ ಕೆಲಸ ಆದಂತೆ. ಕೋರ್ಟಿನಲ್ಲಿ ವ್ಯಾಜ್ಯ ಇರುವ ಹೊಲವಾದರೆ ಎರಡೂ ಕಡೆಯವರು ಇದ್ದಾಗ ಮಾತ್ರ ಹೋಗಿ. ನಿಮ್ಮ ಪಟ್ಟಿಯನ್ನು ಯಾರೂ ಹಕ್ಕಿನ ಕಾಗದದಂತೆ ಬಳಸುವುದು ಬೇಡ ಅಂತ ಮೊದಲ ಪುಟದಲ್ಲೇ ಬರೆದಿಡಿ.

ಯಾವ ಕಾಲ ಒಳ್ಳೆಯದು

ಎರೆ ಹೊಲವಾದರೆ ಮಳೆಗಾಲದಲ್ಲಿ ಕಾಲಿಡಲೂ ಆಗುವುದಿಲ್ಲ. ಜೋಳ, ಕಡಲೆ ಕೊಯ್ಲಾದ ಮೇಲೆ, ಬಿಸಿಲು ಏರುವ ಮೊದಲು, ಫೆಬ್ರವರಿಯಿಂದ ಮಾರ್ಚ್ ಒಳಗೆ ಅಳತೆ ಮತ್ತು ಫೋಟೋ ಕೆಲಸ ಇಟ್ಟುಕೊಳ್ಳಿ. ಒಣಹುಲ್ಲಿನಲ್ಲಿ ಕೊಳಕುಮಂಡಲ ಹಾವು ಕಾಣುವುದೇ ಇಲ್ಲ. ಬೂಟು ಹಾಕಿ, ಕೋಲಿನಿಂದ ನೆಲ ಬಡಿಯುತ್ತ ಹೋಗಿ. ಕಟ್ಟೆಯ ಬಿರುಕಿಗೆ, ಕಲ್ಲಿನ ಕೆಳಗೆ ಕೈ ಹಾಕಬೇಡಿ. ಗಿಡದಲ್ಲಿ ಹೆಜ್ಜೇನು ಇದೆಯಾ ನೋಡಿಕೊಳ್ಳಿ.

ಮಾತು ಕೇಳಲು ಬೇರೆ ದಿನ ಇದೆ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಿ ಪೂಜಿಸಲು, ಮನೆಮಂದಿಯೆಲ್ಲ ಹೊಲಕ್ಕೆ ಬರುತ್ತಾರೆ. ಹುಬ್ಬಳ್ಳಿ, ಬೆಂಗಳೂರು ಸೇರಿದವರೂ ಅವತ್ತು ಸಿಗುತ್ತಾರೆ. ಊಟ ಮುಗಿದು ಎಲ್ಲರೂ ಗಿಡದ ನೆರಳಲ್ಲಿ ಕೂತಾಗ ಪಟ್ಟಿ ಶುರು ಮಾಡಿ. ಆ ದಿನ ಟೇಪು ಮಾತ್ರ ಚೀಲದಲ್ಲೇ ಇರಲಿ.

ಹಿರಿಯರನ್ನು ಕೇಳುವ ಬಗೆ

ಮನೆಯ ಪಡಸಾಲೆಯಲ್ಲಿ ಕೂರಿಸಿ ಕೇಳಿದರೆ 'ನೆನಪಿಲ್ಲ ತಮ್ಮಾ' ಅನ್ನುವವರು ಆ ಜಾಗಕ್ಕೆ ಹೋದ ಕೂಡಲೇ ಬೆರಳು ಮಾಡಿ ತೋರಿಸುತ್ತಾರೆ. ಹಾಗಾಗಿ ಆದಷ್ಟು ಅಲ್ಲಿಗೇ ಕರೆದೊಯ್ಯಿರಿ. ನಡೆಯಲು ಆಗದವರಿಗೆ ಫೋನಿನಲ್ಲಿ ವಿಡಿಯೊ ಕರೆ ಮಾಡಿ, ಒಂದೊಂದೇ ಕಟ್ಟೆಯ ಮುಂದೆ ನಿಂತು ತೋರಿಸಿ.

ಎಲ್ಲರಿಗೂ ಗೊತ್ತಿರುವ ಒಂದು ಸಮಾಧಿಯಿಂದ ಶುರು ಮಾಡಿ. 'ಇದು ಮುತ್ಯಾಂದು. ಇದರ ಎಡಕ್ಕ ಯಾರು? ಹಿಂದಿಂದು?' ಹೀಗೆ ಹೊರಗೆ ಹರಡುತ್ತ ಹೋಗಿ. ಯಾವ ಇಸವಿಯಲ್ಲಿ ತೀರಿಕೊಂಡರು ಅಂತ ನೇರವಾಗಿ ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ನಂಬುವಂತಿರುವುದಿಲ್ಲ. 'ಆವಾಗ ನಿಮ್ಮ ಮದುವಿ ಆಗಿತ್ತೇನ್ರಿ? ದೊಡ್ಡ ಮಗ ಹುಟ್ಟಿದ್ದನೇನು? ಗಾಂಧೀಜಿ ಹೋದ ಸುದ್ದಿ ಬಂದಾಗ ಅವರು ಇದ್ದರಾ?' ಅಂತ ಕೇಳಿ. ಏಕೀಕರಣ ಆದ 1956, ಬರ ಬಿದ್ದ 1972, ತುರ್ತು ಪರಿಸ್ಥಿತಿಯ 1975, ಇವೆಲ್ಲ ನೆನಪಿಗೆ ಗೂಟ ಹೊಡೆದಂತೆ. ಸಾವು ಯಾವ ಎರಡು ಗೂಟಗಳ ನಡುವೆ ಬರುತ್ತದೆ ಅಂತ ತಿಳಿದರೂ ದೊಡ್ಡ ಲಾಭ.

ಸಾಮಾನ್ಯವಾಗಿ ನಾವು ಗಂಡಸರನ್ನೇ ಕೇಳುತ್ತೇವೆ. ನನ್ನ ಲೆಕ್ಕದಲ್ಲಿ ಹೆಚ್ಚು ಗೊತ್ತಿರುವುದು ಹೆಂಗಸರಿಗೆ. ಮನೆಗೆ ಸೊಸೆಯಾಗಿ ಬಂದ ದೊಡ್ಡವ್ವ, ಚಿಗವ್ವ ಅತ್ತೆಯಿಂದ ಹೆಸರು ಕೇಳಿ ಎಡೆ ಇಟ್ಟವರು. ಕೊಟ್ಟ ಮನೆಯಿಂದ ಪ್ರತಿ ಸಾವಿಗೂ ಓಡಿ ಬಂದ ಸೋದರತ್ತೆಗೆ ಯಾರ ಹಿಂದೆ ಯಾರು ಹೋದರು ಅನ್ನುವ ಸರಣಿ ಬಾಯಲ್ಲೇ ಇರುತ್ತದೆ. ಬಾಣಂತನದಲ್ಲಿ ಹೋದವರು, ಕೂಸುಗಳು, ಎರಡನೆಯ ಹೆಂಡತಿ, ಇವರ ಹೆಸರು ಹೇಳುವವರೂ ಇವರೇ. ಕಲ್ಲಿನ ಮೇಲೆ ಇವು ಯಾವುದೂ ಇರುವುದಿಲ್ಲ.

ಮನೆಯ ಹೊರಗೆ ಇನ್ನೂ ಮೂವರನ್ನು ಕೇಳಿ. ಒಬ್ಬರು ಕುಣಿ ತೆಗೆಯುತ್ತ ಬಂದ ಮನೆಯವರು. ಹೊಸ ಕುಣಿ ಹಳೆಯದರ ಮೇಲೆ ಬೀಳದ ಹಾಗೆ ನೋಡಿಕೊಂಡವರು ಅವರೇ, ಹಾಗಾಗಿ ಕಣ್ಣಿಗೆ ಕಾಣದ ಸಮಾಧಿಗಳ ಜಾಗವೂ ಅವರಿಗೆ ಗೊತ್ತಿರುತ್ತದೆ. ಇನ್ನೊಬ್ಬರು ಮಠದ ಅಯ್ಯನವರು. ಮೂರನೆಯವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಓದುವ ಪರಂಪರೆ ಅವರದು. ನಿಮ್ಮ ಮನೆಗೆ ಬರುವ ಹೆಳವರು ಯಾವ ಊರಿನವರು ಅಂತ ಹಿರಿಯರಿಗೆ ಗೊತ್ತಿರುತ್ತದೆ. ಅವರ ಪುಸ್ತಕದಲ್ಲಿ ಮೂಲ ಪುರುಷನಿಂದ ಕವಲುಗಳು ಸಿಗುತ್ತವೆ. ಕೊಡುವ ಕಾಣಿಕೆ ಕೊಟ್ಟು, ಓದಿಸಿ, ಒಪ್ಪಿದರೆ ಧ್ವನಿ ಮುದ್ರಿಸಿಕೊಳ್ಳಿ. ಅಲ್ಲಿ ಗಂಡು ಸಂತಾನದ ಹೆಸರುಗಳೇ ಜಾಸ್ತಿ ಅನ್ನುವುದು ಗಮನದಲ್ಲಿರಲಿ.

ಇಬ್ಬರು ಹಿರಿಯರನ್ನು ಬೇರೆ ಬೇರೆ ಕೇಳಿ. ಒಟ್ಟಿಗೆ ಕೂರಿಸಿದರೆ ದನಿ ದೊಡ್ಡದಿದ್ದವರ ಮಾತೇ ದಾಖಲೆಯಾಗುತ್ತದೆ. ಇಬ್ಬರೂ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಅಂತಲೂ ಬರೆಯಿರಿ. ತೀರ್ಪು ಕೊಡಲು ಹೋಗಬೇಡಿ.

ಒಂದೇ ಹೆಸರಿನ ಗೋಜಲು

ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಹೀಗಾಗಿ ಬಸಪ್ಪನ ಮಗ ವೀರಪ್ಪ, ವೀರಪ್ಪನ ಮಗ ಬಸಪ್ಪ, ಮತ್ತೆ ಅವನ ಮಗ ವೀರಪ್ಪ. ಒಂದೇ ಜಾಗದಲ್ಲಿ ಮೂರು ಬಸಪ್ಪ ಇದ್ದರೆ ಆಶ್ಚರ್ಯವಿಲ್ಲ. ಸುಮ್ನೆ 'ಬಸಪ್ಪಜ್ಜ' ಅಂತ ಬರೆದುಕೊಂಡು ಬಂದರೆ ಮುಂದಿನ ವರ್ಷ ನಿಮಗೇ ಅರ್ಥವಾಗುವುದಿಲ್ಲ. ಪ್ರತಿ ಸಲ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು, ಮೂರನ್ನೂ ಬರೆಯಿರಿ. ಜೊತೆಗೆ ತಲೆಮಾರಿನ ಅಂಕಿ ಕೊಡಿ: ಬಸಪ್ಪ 1, ಬಸಪ್ಪ 3. ಹೆಂಗಸರಿಗೆ ತವರಿನ ಊರು, ಅಲ್ಲಿಯ ಅಡ್ಡಹೆಸರು ಕೂಡ ಕೇಳಿ. ಮದುವೆಯಲ್ಲಿ ಹೆಸರು ಬದಲಿಸಿದ್ದರೆ ಎರಡೂ ಇರಲಿ. ಹಳೆಯ ಕಾಗದದಲ್ಲಿ 'ಕೋಂ' ಅಂತ ಬಂದರೆ ಇಂಥವರ ಹೆಂಡತಿ ಅಂತ, 'ಬಿನ್' ಅಂದರೆ ಇಂಥವರ ಮಗ ಅಂತ.

ಕೈನಕ್ಷೆ

ಫೋನಿನ ಜಿಪಿಎಸ್ ಒಂದನ್ನೇ ನಂಬಿದರೆ ಇಲ್ಲಿ ಕೆಲಸ ಆಗುವುದಿಲ್ಲ. ಬಯಲಲ್ಲೂ ಅದು ಐದು ಮೀಟರ್‌ನಷ್ಟು ಆಚೀಚೆ ತೋರಿಸುತ್ತದೆ. ನಿಮ್ಮ ಕಟ್ಟೆಗಳ ನಡುವೆ ಇರುವುದು ಮೂರು ನಾಲ್ಕು ಅಡಿ. ಆದ್ದರಿಂದ ಇಡೀ ಜಾಗಕ್ಕೆ ಒಂದು ಜಿಪಿಎಸ್ ಗುರುತು ಸಾಕು. ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಅದನ್ನು ಉತಾರದ ಜೊತೆ ಹೋಲಿಸಿ. ಗಡಿಯ ಹತ್ತಿರವಾದರೆ ಪಕ್ಕದ ನಂಬರ್ ತೋರಿಸುವುದೂ ಉಂಟು.

ಒಳಗಿನ ನಕ್ಷೆಗೆ ನೂರು ಅಡಿಯ ಟೇಪು, ಕೈವಾರ, ಹಾಳೆ ಸಾಕು. ಅಲುಗಾಡದ ಎರಡು ಗುರುತು ಹಿಡಿಯಿರಿ: ಒಂದು ಬಾಂದಕಲ್ಲು, ಇನ್ನೊಂದು ಬಾವಿಯ ಮೂಲೆ ಅನ್ನಿ. ಈ ಎರಡೂ ಗುರುತುಗಳು ಸಮಾಧಿಗಳ ಒಂದೇ ಬದಿಗೆ ಇರಬೇಕು. ಮೊದಲು ಇವೆರಡರ ನಡುವಿನ ದೂರ ಅಳೆಯಿರಿ. ಆಮೇಲೆ ಪ್ರತಿ ಕಟ್ಟೆಯ ಒಂದು ನಿಗದಿತ ಮೂಲೆಗೆ, ಉದಾಹರಣೆಗೆ ಈಶಾನ್ಯ ಮೂಲೆಗೆ, ಮೊದಲ ಗುರುತಿನಿಂದ ಎಷ್ಟು, ಎರಡನೆಯದರಿಂದ ಎಷ್ಟು ಅಂತ ಬರೆದುಕೊಳ್ಳಿ. ಮನೆಗೆ ಬಂದು ಐದು ಅಡಿಗೆ ಒಂದು ಸೆಂಟಿಮೀಟರ್ ಅಳತೆಯಲ್ಲಿ ಕೈವಾರದಿಂದ ಎರಡು ಕಮಾನು ಎಳೆದರೆ ಅವು ಕೂಡುವ ಜಾಗವೇ ಆ ಮೂಲೆ. ಗಿಡ ಬೀಳುತ್ತದೆ, ಬಾವಿ ಮುಚ್ಚುತ್ತಾರೆ, ಬಾಂದಕಲ್ಲನ್ನೇ ಸರಿಸುವವರೂ ಇದ್ದಾರೆ. ಅದಕ್ಕೆ ಮೂರನೆಯ ಗುರುತೊಂದು ಇರಲಿ, ಉತ್ತರ ದಿಕ್ಕಿನ ಬಾಣವೂ ಇರಲಿ. ಒಟ್ಟು ಜಾಗ ಎಷ್ಟು ಅಂತಲೂ ಲೆಕ್ಕ ಹಾಕಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ.

ಪ್ರತಿ ಸಮಾಧಿಗೆ ಒಂದು ಸಂಖ್ಯೆ ಕೊಡಿ. ಹೆಸರು ಗೊತ್ತಿಲ್ಲದ್ದಕ್ಕೂ, ಬರೀ ಕಲ್ಲು ಉಳಿದದ್ದಕ್ಕೂ ಕೊಡಿ. ಕಟ್ಟೆಯ ಮೇಲೆ ಪೇಂಟಿನಿಂದ ಸಂಖ್ಯೆ ಬರೆಯುವುದು ಬೇಡ.

ಫೋಟೋ ಮತ್ತು ಓದು

ಮಕ್ಕಳ ಪಾಟಿಯೊಂದನ್ನು ತನ್ನಿ. ಅದರ ಮೇಲೆ ಸಮಾಧಿ ಸಂಖ್ಯೆ, ತಾರೀಖು ಬರೆದು ಕಲ್ಲಿನ ಪಕ್ಕ ಇಟ್ಟು ಮೊದಲ ಫೋಟೋ ತೆಗೆಯಿರಿ. ಆಮೇಲೆ ಪಾಟಿ ಇಲ್ಲದೆ ನಾಲ್ಕೂ ಬದಿ, ಅಕ್ಷರದ ಎದುರು ನಿಂತು ನೇರವಾಗಿ ಒಂದು, ಸಾಲು ಸಾಲಾಗಿ ಹತ್ತಿರದಿಂದ ಕೆಲವು. ಒಂದು ಅಡಿಪಟ್ಟಿ ಚಿತ್ರದಲ್ಲಿ ಕಾಣಲಿ.

ಸವೆದ ಅಕ್ಷರ ನಡುಹಗಲಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬೇಕು. ನೆರಳಲ್ಲಿರುವ ಕಲ್ಲಿಗೆ ದೊಡ್ಡ ಕನ್ನಡಿ ಹಿಡಿದು ಬದಿಯಿಂದ ಬಿಸಿಲು ಹಾಯಿಸಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಒಂದು ಬದಿಯಿಂದ ಹಿಡಿದರೆ ಹಗಲು ಕಾಣದ ಸಾಲು ಎದ್ದು ಬರುತ್ತದೆ. ಹಿಟ್ಟು, ಸೀಮೆಸುಣ್ಣ, ವಿಭೂತಿ ತುಂಬಿ ಓದುವ ಅಭ್ಯಾಸ ಬಿಡಿ. ನೀವು ಊಹಿಸಿದ ಅಕ್ಷರವೇ ಫೋಟೋದಲ್ಲಿ ಉಳಿಯುತ್ತದೆ, ಕಲ್ಲಿಗೂ ಗೀರು ಬೀಳುತ್ತದೆ.

ತೊಳೆಯಲು ನೀರು, ಮೆತ್ತಗಿನ ಬ್ರಷ್, ಮಣ್ಣು ಬಿಡಿಸಲು ಬಿದಿರಿನ ಕಡ್ಡಿ, ಇಷ್ಟೇ. ತಂತಿ ಬ್ರಷ್, ಸೋಪಿನ ಪುಡಿ, ಬ್ಲೀಚಿಂಗ್, ಆ್ಯಸಿಡ್ ಬೇಡ. ಶಹಾಬಾದ್ ಕಲ್ಲು ಸುಣ್ಣದ ಜಾತಿಯದು, ಅಮೃತಶಿಲೆಯೂ ಹಾಗೇ. ಆ್ಯಸಿಡ್ ಬಿದ್ದರೆ ಅಕ್ಷರದ ಅಂಚೇ ಕರಗುತ್ತದೆ. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುತ್ತದೆ, ಆ ಪದರ ಎದ್ದಿದ್ದರೆ ನೀರೂ ಹಾಕದೆ ಬಿಟ್ಟುಬಿಡಿ. ವಾಲಿದ ಕಲ್ಲನ್ನು ನೆಟ್ಟಗೆ ಮಾಡಲು ಹೋಗಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಕಲ್ಲು ವಾಲುವುದು ಅದಕ್ಕೇ. ನೀವು ನಿಲ್ಲಿಸಿದ್ದು ಮುಂದಿನ ವರ್ಷ ಮತ್ತೆ ವಾಲುತ್ತದೆ, ನಡುವೆ ಮುರಿಯಲೂಬಹುದು.

ಅಕ್ಷರವನ್ನು ಇದ್ದ ಹಾಗೇ ನಕಲು ಮಾಡಿ. ತಪ್ಪು ಕಾಗುಣಿತವನ್ನು ತಿದ್ದಬೇಡಿ. ಸಾಲು ಮುಗಿದಲ್ಲಿ ಓರೆಗೆರೆ, ಓದಲಾಗದ ಅಕ್ಷರಕ್ಕೆ ಚುಕ್ಕಿ ಹಾಕಿ. ಲಿಂ. ಅಂದರೆ ಲಿಂಗೈಕ್ಯ, ಕೈ. ಅಂದರೆ ಕೈಲಾಸವಾಸಿ. ಶು॥ ಶುಕ್ಲಪಕ್ಷ, ಬ॥ ಬಹುಳ, ಅಂದರೆ ಕೃಷ್ಣಪಕ್ಷ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯, ಸವೆದ ೧ ಮತ್ತು ೦ ಮೋಸ ಮಾಡುತ್ತವೆ, ಎರಡೆರಡು ಸಲ ನೋಡಿ. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿ ಇದ್ದದ್ದರಿಂದ ಕೆಲವು ಕಡೆ ಬಾಳಬೋಧ (ದೇವನಾಗರಿ) ಅಕ್ಷರ, ಮನೆಯ ಹಳೆಯ ಕಾಗದದಲ್ಲಿ ಮರಾಠಿಯ ಕೂಡುಬರಹವಾದ ಮೋಡಿ ಲಿಪಿ ಸಿಗಬಹುದು. ರೋಣ ತಾಲ್ಲೂಕಿನ ಊರಿನ ಕಲ್ಲಿನಲ್ಲಿ 'ಜಿ॥ ಧಾರವಾಡ' ಅಂತ ಇದ್ದರೆ ಅದು ತಪ್ಪಲ್ಲ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ.

ತಾರೀಖು ಬಿಡಿಸುವುದು

ಹಳೆಯ ಕಲ್ಲಿನಲ್ಲಿ ಇಸವಿ ಬದಲು ಶಕ ವರ್ಷ, ಸಂವತ್ಸರ, ಮಾಸ, ತಿಥಿ ಇರುತ್ತವೆ. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಇಸವಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಜನವರಿಯಿಂದ ಯುಗಾದಿಯ ತನಕದ ಸಾವಿಗೆ 79 ಕೂಡಿಸಬೇಕು.

ಬರೀ ಸಂವತ್ಸರ ಇದ್ದರೆ ಅರವತ್ತು ವರ್ಷದ ಚಕ್ರ ಲೆಕ್ಕ ಹಾಕಿ. ಚಕ್ರದ ಮೊದಲ ಸಂವತ್ಸರ ಪ್ರಭವ ಬಂದದ್ದು 1867, 1927, 1987ರಲ್ಲಿ. ಉದಾಹರಣೆಗೆ, ಕ್ಯಾಲೆಂಡರಿನ ಪಟ್ಟಿ ಹಿಡಿದು ಎಣಿಸಿದರೆ ಕಾಳಯುಕ್ತಿ ಐವತ್ತೆರಡನೆಯದು, ಅಂದರೆ 1918 ಅಥವಾ 1978. ಯಾವುದು ಅಂತ ತಲೆಮಾರು ಹೇಳುತ್ತದೆ. ಕಾಳಯುಕ್ತಿಯ ಆಶ್ವಯುಜದ ಸುತ್ತ ಒಂದೇ ಮನೆಯ ಎರಡು ಮೂರು ಸಾವು ಕಂಡರೆ, ಅದೂ ಹರೆಯದವರದು, ಇನ್‌ಫ್ಲುಯೆಂಜಾ ನೆನಪಿಗೆ ಬರಬೇಕು. 1918ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮುಂಬಯಿ ಪ್ರಾಂತ್ಯದ ತುಂಬ ಅದು ಹರಡಿತ್ತು. ಹಾಗೆಯೇ ಹುಬ್ಬಳ್ಳಿ ಸುತ್ತ 1898ರ ಹೊತ್ತಿನ ಸಮಾಧಿಗಳ ಹಿಂದೆ ಪ್ಲೇಗ್ ಇರಬಹುದು. ಇದು ನಿಮ್ಮ ಊಹೆ, ಅದನ್ನು ಊಹೆ ಅಂತಲೇ ಟಿಪ್ಪಣಿ ಮಾಡಿ. ಕಲ್ಲು ಹೇಳಿದ್ದು ಒಂದು ಕಾಲಂ, ನೀವು ಲೆಕ್ಕ ಹಾಕಿದ್ದು ಇನ್ನೊಂದು ಕಾಲಂ ಇರಲಿ.

ಸವಣೂರು ಕಡೆಯ ಮುಸ್ಲಿಂ ಮನೆತನಗಳ ಗೋರಿಗಳಲ್ಲಿ ಹಿಜರಿ ವರ್ಷ ಇರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಇಸವಿ ಹತ್ತಿರ ಹತ್ತಿರ ಸಿಗುತ್ತದೆ. ಹಿಜರಿ 1337 ಅಂದರೆ ಸುಮಾರು 1918-19. ಉರ್ದು ಬರಹವನ್ನು ಬಲ್ಲವರಿಂದಲೇ ಓದಿಸಿ.

ಅಕ್ಷರವಿಲ್ಲದ ಕಲ್ಲುಗಳು

ಬಹುಪಾಲು ಜಾಗಗಳಲ್ಲಿ ಇವೇ ಜಾಸ್ತಿ. ಆಕಾರ ಗಮನಿಸಿ. ಲಿಂಗಾಯತರಲ್ಲಿ ಕುಳ್ಳಿರಿಸಿ ಹೂಳುವುದರಿಂದ ಕಟ್ಟೆ ಸಾಮಾನ್ಯವಾಗಿ ಚೌಕಾಗಿ, ಗಿಡ್ಡಾಗಿ ಇರುತ್ತದೆ. ಮಲಗಿಸಿದ ಸಮಾಧಿ ಉದ್ದಕ್ಕೆ ಇರುತ್ತದೆ. ಗೇಣುದ್ದದ ಕಲ್ಲುಗಳು ಒಂದು ಕಡೆ ಗುಂಪಾಗಿದ್ದರೆ ಕೂಸುಗಳವು ಇರಬಹುದು, ಹಿರಿಯ ಹೆಂಗಸರನ್ನೇ ಕೇಳಿ. ನೆಲ ಸ್ವಲ್ಪ ತಗ್ಗಾಗಿ ಕಲ್ಲೇ ಇಲ್ಲದಿದ್ದರೂ ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ತೋರಿಸಿ. ಖಚಿತ ಮಾಡಿಕೊಳ್ಳಲು ಅಗೆಯುವುದು ಮಾತ್ರ ಬೇಡವೇ ಬೇಡ.

ಮೂರು ಹಂತದ ಕೆತ್ತನೆ, ಮೇಲೆ ಸೂರ್ಯ ಚಂದ್ರ, ಕೆಳಗೆ ಬಿಲ್ಲು ಕತ್ತಿ ಹಿಡಿದವರು ಇದ್ದರೆ ಅದು ವೀರಗಲ್ಲು. ಎತ್ತಿದ ತೋಳು, ಕೈಯಲ್ಲಿ ಬಳೆ ಇದ್ದರೆ ಮಾಸ್ತಿಕಲ್ಲು. ನಿಮ್ಮ ಮನೆತನಕ್ಕಿಂತ ಎಷ್ಟೋ ಶತಮಾನ ಹಳೆಯವು ಅವು. ಪಟ್ಟಿಯಲ್ಲಿ ಬೇರೆಯಾಗಿ ಗುರುತಿಸಿ, ಪುರಾತತ್ವ ಇಲಾಖೆಗೋ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೋ ತಿಳಿಸಿ. ಅಚ್ಚು ತೆಗೆಯುವ ಕೆಲಸವನ್ನು ಅವರಿಗೇ ಬಿಡಿ.

ಕಾಗದದ ಜೊತೆ ತಾಳೆ

ಹೊಲದ ಹಳೆಯ ವಾರಸಾ ನೋಂದಣಿಯಲ್ಲಿ ಖಾತೆದಾರ ತೀರಿಕೊಂಡ ವಿಷಯ, ಯಾರ ಹೆಸರಿಗೆ ಹೊಲ ಹೋಯಿತು ಅನ್ನುವುದು ಇರುತ್ತದೆ. ಎಷ್ಟೋ ಸಲ ಸಾವಿನ ತಾರೀಖೂ ಅಲ್ಲೇ ಸಿಗುತ್ತದೆ. ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆಯಲ್ಲಿ ಸರ್ವೆ ನಂಬರ್ ಕೊಟ್ಟು ನಕಲಿಗೆ ಅರ್ಜಿ ಹಾಕಿ. ವಾಟ್ನಿ ಪತ್ರ, ಹಳೆಯ ಲಗ್ನಪತ್ರಿಕೆ, ಸಾವಿನ ನಂತರದ ಶಿವಗಣಾರಾಧನೆಯ ಆಮಂತ್ರಣ ಪತ್ರಿಕೆ, ಶಾಲೆಯ ದಾಖಲಾತಿ ಕೂಡ ಉಪಯೋಗಕ್ಕೆ ಬರುತ್ತವೆ. ವಾರಸಾದಲ್ಲಿ ಹೆಸರು ಹತ್ತಿಸಿದ್ದು ಎಷ್ಟೋ ವರ್ಷ ತಡವಾಗಿಯೂ ಇರಬಹುದು. ನೋಂದಣಿಯ ತಾರೀಖನ್ನೇ ಸಾವಿನ ತಾರೀಖು ಅಂತ ತಿಳಿಯಬೇಡಿ.

ಎಲ್ಲಿ ಇಡುವುದು

ಎಲ್ಲ ಸೇರಿಸಿ ಒಂದು ಪಿಡಿಎಫ್ ಮಾಡಿ: ನಕ್ಷೆ, ಸಂಖ್ಯೆವಾರು ಪಟ್ಟಿ, ಫೋಟೋ, ಯಾರು ಏನು ಹೇಳಿದರು. ಕಾಗದದ ಪ್ರತಿ ಅಣ್ಣತಮ್ಮಂದಿರ ಪ್ರತಿ ಮನೆಗೂ ಒಂದೊಂದು ಹೋಗಲಿ. ಮೊಬೈಲು ಬದಲಾಗುತ್ತಲೇ ಇರುತ್ತದೆ, ಟ್ರಂಕಿನಲ್ಲಿಟ್ಟ ಕಾಗದ ಸಿಗುತ್ತದೆ. ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಗೇ ಕಳಿಸಿದರೆ ಗಾತ್ರ ಕುಗ್ಗಿ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಧ್ವನಿ ಮುದ್ರಿಕೆಯ ಫೈಲಿಗೆ ಮಾತಾಡಿದವರ ಹೆಸರು, ತಾರೀಖು ಇಡಿ.

ಇಂಟರ್ನೆಟ್ಟಿಗೆ ಹಾಕುವ ಆಸೆ ಇದ್ದರೆ ಎರಡು ವಿಷಯ ತೆಗೆದುಹಾಕಿ. ಬದುಕಿರುವವರ ಹೆಸರು, ವಿವರ ಒಂದು. ಜಾಗದ ನಿಖರ ಗುರುತು ಇನ್ನೊಂದು. ಹಳೆಯ ಕಲ್ಲು ಕಂಡಲ್ಲಿ ನಿಧಿ ಇದೆ ಅಂತ ರಾತ್ರಿ ಅಗೆಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ಊರು, ತಾಲ್ಲೂಕಿನ ಹೆಸರು ಸಾಕು. ಸರ್ವೆ ನಂಬರ್ ಮತ್ತು ನಕ್ಷೆ ಮನೆಯ ಪ್ರತಿಯಲ್ಲಿ ಮಾತ್ರ ಇರಲಿ.